ರೋಗಿ ಯಾರು?

ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಧುಗಿರಿಯ ನಮ್ಮ ಮನೆಗೆ ಬಂದಿದ್ದಳು. ಪಿ.ಯು. ತರಗತಿಯಲ್ಲಿ ಎರಡು ವರ್ಷ ನನ್ನಿಂದ ಕನ್ನಡ ಹೇಳಿಸಿಕೊಂಡವಳು. ಆಗ ಪಶುವೈದ್ಯ ಕಾಲೇಜಿನಲ್ಲಿ ನಾಲ್ಕನೆಯ ವರ್ಷ ಓದುತ್ತಿದ್ದಳು. ಕಾಫಿ ಕುಡಿಯುತ್ತ, ಮೌಖಿಕ ಪರೀಕ್ಷೆಯಲ್ಲಿ ತನಗೆ ಬಂದ ಒಂದು ಪ್ರಶ್ನೆಯನ್ನು ಹೇಳಿದಳು. "ನಿನ್ನ ಮುಂದೆ ಒಂದು ಕುರಿ ನಿಂತಿದೆ. ಅದರ ಪಕ್ಕದಲ್ಲಿ ಕುರಿಯ ಒಡೆಯ ನಿಂತಿದ್ದಾನೆ. ರೋಗಿ ಯಾರು?" ಕುರಿ ಎಂದಳಂತೆ. "ಸರಿ. ಚಿಕಿತ್ಸೆ ಬೇಡ ಎಂದು ಒಡೆಯ ಹೇಳುತ್ತಾನೆ. ಈಗ?" ಎಂದರಂತೆ ಅಧ್ಯಾಪಕರು. ಇವಳಿಗೆ ಉತ್ತರ ಹೊಳೆಯಲಿಲ್ಲ. ಅಂಕವೇನೂ ಹೋಗಲಿಲ್ಲ, ಅವರು ನಕ್ಕು, "ನನಗೂ ಗೊತ್ತಿಲ್ಲ, ಮುಂದಿನವರನ್ನು ಕಳಿಸು" ಎಂದರಂತೆ.

"ನೀವು ಹೇಳಿ ಸಾರ್" ಎಂದಳು. ಕನ್ನಡ ಮೇಷ್ಟ್ರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ಭ್ರಮೆ ನಮ್ಮ ಕಡೆಯ ಹುಡುಗರಲ್ಲಿ ಇನ್ನೂ ಅಷ್ಟಿಷ್ಟು ಉಳಿದಿದೆ. ಷಟ್ಪದಿಯಲ್ಲಿ ಒಂದು ಮಾತ್ರೆ ತಪ್ಪಿದ್ದರೆ ಹೇಳಬಲ್ಲೆ. ಇದಕ್ಕೆ ಏನೆಂದು ಹೇಳಲಿ? ಅಂದು ಏನೋ ಹೇಳಿ ತಪ್ಪಿಸಿಕೊಂಡೆ. ಆದರೆ ಪ್ರಶ್ನೆ ನನ್ನನ್ನು ಬಿಟ್ಟು ಹೋಗಲಿಲ್ಲ. ಅದಕ್ಕೆ ನನ್ನದೇ ಆದ ಒಂದು ಹಳೆಯ ಕಾರಣವೂ ಉಂಟು. ಅದನ್ನು ಆಮೇಲೆ ಹೇಳುತ್ತೇನೆ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಸರ್ಕಾರ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಹೆಸರಿಟ್ಟಿದೆ. ಮಿಕ್ಕ ವಿಷಯಗಳಲ್ಲಿ ತುಮಕೂರಿಗೆ ಸೇರಿದ ನಾವು ಪರೀಕ್ಷೆಯ ವಿಷಯದಲ್ಲಿ ಮಾತ್ರ ಬೇರೆ ಜಿಲ್ಲೆಯವರು. ಇಲ್ಲಿ ಮಳೆ ಕಡಮೆ, ಬಂಡೆ ಹೆಚ್ಚು. ರಾಗಿ, ಕಡಲೆಕಾಯಿ ಕೈಗೆ ಹತ್ತದ ವರ್ಷ ಕುರಿಯೇ ಗತಿ. ಮದುವೆ, ಆಸ್ಪತ್ರೆ, ಕಾಲೇಜಿನ ಫೀಸು, ಏನು ಬಂದರೂ ಎರಡು ಕುರಿ ಸಂತೆಗೆ ಹೋಗುತ್ತವೆ. ಈ ಹುಡುಗಿ ಸಿರಾ ತಾಲ್ಲೂಕಿನ ಒಂದು ಹಟ್ಟಿಯವಳು. ಆ ಸೀಮೆಯ ಕಾಡುಗೊಲ್ಲರು ಜುಂಜಪ್ಪನೆಂಬ ಪಶುಪಾಲಕ ವೀರನನ್ನು ದೇವರೆಂದು ನಡೆದುಕೊಳ್ಳುತ್ತಾರೆ. ಕಳುವರಹಳ್ಳಿಯಲ್ಲಿ ಅವನ ಗುಡ್ಡೆ ಇದೆ. ಇವಳ ತಾತ ಗಣೆ ಊದುತ್ತಿದ್ದವರು. ಗಣೆಯೆಂದರೆ ಉದ್ದನೆಯ ಬಿದಿರಿನ ಕೊಳಲು. ಜುಂಜಪ್ಪನ ಪದಕ್ಕೆ ಅದೇ ಶ್ರುತಿ. ದನಕರು ಕಾಯ್ದವನನ್ನು ದೇವರೆಂದು ಹಾಡುವ ಮನೆಯಿಂದ ಹೊರಟು ದನಕರುಗಳ ವೈದ್ಯ ಕಲಿಯಲು ಹೋದವಳು ಎಂದು ನಾನು ಹೆಮ್ಮೆಪಟ್ಟಿದ್ದೆ. ಅವಳಿಗೆ ಅದೇನೂ ಹೊಳೆದಿರಲಿಲ್ಲ. ಎಂ.ಬಿ.ಬಿ.ಎಸ್. ಸಿಕ್ಕಲಿಲ್ಲ, ಇದು ಸಿಕ್ಕಿತು, ಅಷ್ಟೆ. ರೈತರ ಮಕ್ಕಳಿಗೆ ಮೀಸಲಾದ ಸ್ಥಾನಗಳಿಗೆ ಒಂದು ಪ್ರಾಯೋಗಿಕ ಪರೀಕ್ಷೆಯುಂಟು. ಪೇಟೆಯ ಬುದ್ಧಿವಂತರು ತಡವರಿಸುವ ಆ ಪರೀಕ್ಷೆ ಇವಳಿಗೆ ಆಟದಂತಾಯಿತು.

ಆ ಕಾಲೇಜುಗಳ ಬದುಕು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ನಮ್ಮ ರಾಜ್ಯದ ಮೊದಲನೆಯ ಪಶುವೈದ್ಯ ಕಾಲೇಜು ಹೆಬ್ಬಾಳದಲ್ಲಿ ಪ್ರಾರಂಭವಾದದ್ದು 1958ರಲ್ಲಿ. ಆಮೇಲೆ ಬೀದರ್, ಹಾಸನ, ಶಿವಮೊಗ್ಗ, ಗದಗಗಳಲ್ಲಿಯೂ ಕಾಲೇಜುಗಳಾದವು. ಓದು ಐದೂವರೆ ವರ್ಷ. ನಾಲ್ಕೂವರೆ ವರ್ಷ ತರಗತಿ, ಕೊನೆಯ ಒಂದು ವರ್ಷ ಆಸ್ಪತ್ರೆಗಳಲ್ಲಿ ಕೈಕೆಲಸ. ಮನುಷ್ಯವೈದ್ಯನಿಗೆ ಕಲಿಯಬೇಕಾದ ದೇಹ ಒಂದು. ಇವರಿಗೆ ಹಸು, ಎಮ್ಮೆ, ಕುರಿ, ಮೇಕೆ, ಕುದುರೆ, ಹಂದಿ, ನಾಯಿ, ಕೋಳಿ ಎಲ್ಲವೂ ಬೇಕು. ಒಂದರ ಹೊಟ್ಟೆಯಲ್ಲಿ ನಾಲ್ಕು ಕೋಣೆ, ಇನ್ನೊಂದಕ್ಕೆ ಒಂದೇ. ಒಂದಕ್ಕೆ ಅಮೃತವಾದ ಔಷಧ ಇನ್ನೊಂದಕ್ಕೆ ವಿಷ.

ಮೊದಲನೆಯ ವರ್ಷ ಅಂಗರಚನಾಶಾಸ್ತ್ರ. ಫಾರ್ಮಾಲಿನ್ನಿನ ವಾಸನೆ ಕೂದಲಿಗೆ ಅಂಟಿ, ಎಷ್ಟು ಸೀಗೆಕಾಯಿ ಹಾಕಿದರೂ ಹೋಗುತ್ತಿರಲಿಲ್ಲವಂತೆ. ರಜಕ್ಕೆ ಬರುವಾಗ ಓದುವುದಕ್ಕೆಂದು ಎತ್ತಿನ ಹೆಗಲ ಮೂಳೆಯೊಂದನ್ನು ಚೀಲದಲ್ಲಿಟ್ಟುಕೊಂಡು ಬಂದಳು. ಬೀಸಣಿಗೆಯಂಥ ಅಗಲವಾದ ಮೂಳೆ. ಚೀಲದ ಬಾಯಿಂದ ಇಣುಕುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಮುದುಕಿ ಅದನ್ನು ನೋಡಿ, ಒಂದು ಮಾತೂ ಆಡದೆ ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕುಳಿತಳಂತೆ. ಮನೆಯಲ್ಲಿ ತಾಯಿ ದನದ ಮೂಳೆಯನ್ನು ಹೊಸಿಲು ದಾಟಿಸಲಿಲ್ಲ. ಇವಳು ಎರಡು ವಾರ ಹುಣಿಸೆಮರದ ಕೆಳಗೆ ಕುಳಿತು ಓದಿದಳು.

ಹಾಸ್ಟೆಲಿನ ಊಟದ ವಿಚಾರವನ್ನೂ ಹೇಳಿದಳು. ಕೊಯ್ದು ನೋಡುವ ತರಗತಿ ಮೊದಲಾದ ತಿಂಗಳು ಮಾಂಸದ ಅಡಿಗೆಯ ದಿನ ಅರ್ಧ ಜನ ತಟ್ಟೆ ಸರಿಸಿ ಏಳುತ್ತಿದ್ದರು. ಮೂರನೆಯ ತಿಂಗಳಿಗೆ, ತಟ್ಟೆಯಲ್ಲಿ ಬಿದ್ದ ತುಂಡು ಯಾವ ಸ್ನಾಯು, ಅದಕ್ಕೆ ಯಾವ ನರ ಬರುತ್ತದೆ ಎಂದು ಪಂದ್ಯ ಕಟ್ಟಿಕೊಂಡು ತಿನ್ನತೊಡಗಿದರು. "ನಾವು ಕೆಟ್ಟುಹೋದೆವೋ ಬಲಿತೆವೋ ಗೊತ್ತಿಲ್ಲ ಸಾರ್" ಎಂದಳು. ನನಗೂ ಗೊತ್ತಿಲ್ಲ. ಕರುಣೆಯಿಂದ ಕೈ ನಡುಗುವ ವೈದ್ಯನಿಗಿಂತ ನಡುಗದ ಕೈಯ ವೈದ್ಯ ರೋಗಿಗೆ ಮೇಲು ಎಂಬುದು ನಿಜ. ಆದರೆ ನಡುಗದ ಕೈ ಇರುವವರೆಲ್ಲ ವೈದ್ಯರೂ ಅಲ್ಲವಷ್ಟೆ.

ಬೆಳಗಿನ ಜಾವ ಸಾಕಣೆ ಕೇಂದ್ರದಲ್ಲಿ ಹಾಲು ಕರೆಯುವುದು, ಸಗಣಿ ಬಾಚುವುದು, ಕರುಗಳನ್ನು ತೂಗುವುದು. ಪೇಟೆಯಿಂದ ಬಂದವರಿಗೆ ಇದು ಶಿಕ್ಷೆ, ಇವಳಿಗೆ ಮನೆಗೆಲಸ. ಹಗ್ಗವನ್ನು ಮೈಗೆ ಮೂರು ಸುತ್ತು ಹಾಕಿ, ಹೊಡೆಯದೆ ಬಡಿಯದೆ ಹೋರಿಯನ್ನು ನೆಲಕ್ಕೆ ಕೂರಿಸುವ ಉಪಾಯ ಕಲಿತಳು. ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಚೀಲ ತೊಟ್ಟು ಹಸುವಿನ ಗರ್ಭ ಪರೀಕ್ಷೆ ಮಾಡುವುದನ್ನು ಕಲಿತಳು. ಈಗ ಆ ತರಗತಿಗಳಲ್ಲಿ ಹೆಣ್ಣುಮಕ್ಕಳೂ ಬಹಳ. ಹಸುವಿಗೆ ಹುಡುಗರ ಉದ್ದ ಕೈ ಅನುಕೂಲ, ಕುರಿ ಮೇಕೆಗೆ ಹುಡುಗಿಯರ ಸಣ್ಣ ಕೈ ಅನುಕೂಲ ಎಂದು ಅಲ್ಲಿ ಮಾತಿದೆಯಂತೆ. ಕುರಿಯ ಎಡಮಗ್ಗುಲಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದನ್ನು ಮೊದಲು ಕಲಿತ ದಿನ ಅವಳಿಗೆ ನಿದ್ರೆ ಬರಲಿಲ್ಲ. ಎರಡು ನಿಮಿಷಕ್ಕೆ ಎರಡು ಮೂರು ಸಲ, ದೂರದಲ್ಲಿ ಗುಡುಗಿದಂತೆ, ದೊಡ್ಡ ಹೊಟ್ಟೆ ಹೊರಳುತ್ತದೆ. ಹುಟ್ಟಿದಾಗಿನಿಂದ ಕುರಿಗಳ ನಡುವೆ ಮಲಗಿ ಬೆಳೆದವಳು ಆ ಗುಡುಗನ್ನು ಅಂದೇ ಮೊದಲು ಕೇಳಿದ್ದು.

ಇವೆಲ್ಲಕ್ಕಿಂತ ಕಷ್ಟದ ಪಾಠ ಬೇರೆ. ರೋಗಿಗೆ ಬಾಯಿಲ್ಲ, ರೋಗಿಯ ಪರವಾಗಿ ಆಡುವ ಒಡೆಯನಿಗೆ ಬಾಯಿ ಇದೆ, ಆದರೆ ಅವನು ನಿಜ ಹೇಳುವುದಿಲ್ಲ. "ಎಂದಿನಿಂದ ಮೇವು ಬಿಟ್ಟಿದೆ?" ಎಂದರೆ "ನಿನ್ನೆಯಿಂದ" ಎನ್ನುತ್ತಾನೆ. ನಿಜವಾಗಿ ನಾಲ್ಕು ದಿನವಾಗಿರುತ್ತದೆ. ನಡುವೆ ಬೇವಿನ ಕಷಾಯ, ತಾಯಿತ, ಕಾದ ಕಬ್ಬಿಣದ ಬರೆ ಎಲ್ಲವೂ ಆಗಿರುತ್ತದೆ. ಅದನ್ನು ಹೇಳಿದರೆ ಡಾಕ್ಟರು ಬೈಯುತ್ತಾರೆಂಬ ಹೆದರಿಕೆ. ಸಾಲದೆಂದು ಕುರಿಯೂ ತನ್ನ ನೋವನ್ನು ಮುಚ್ಚಿಡುತ್ತದೆ. ಹಿಂಡಿನಲ್ಲಿ ಕುಂಟಿದ್ದು ತೋಳನಿಗೆ ಮೊದಲ ತುತ್ತು. ಆದ್ದರಿಂದ ನೋವನ್ನು ತೋರಿಸಿಕೊಳ್ಳದಿರುವುದು ಅದರ ಜಾತಿಗುಣ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು 2016ರಲ್ಲಿ ಕುರಿಯ ಮುಖ ನೋಡಿ ನೋವನ್ನು ಅಳೆಯುವ ಒಂದು ಮಾನವನ್ನು ಪ್ರಕಟಿಸಿದರು. ಕಣ್ಣು ಕಿರಿದಾಗುವುದು, ಕೆನ್ನೆ ಬಿಗಿಯುವುದು, ಕಿವಿ ಮಡಿಯುವುದು, ಮೂಗಿನ ಹೊಳ್ಳೆಯ ಆಕಾರ ಬದಲಾಗುವುದು ಇವಕ್ಕೆಲ್ಲ ಅಂಕ. ಇದನ್ನು ಓದಿಕೊಂಡು ಊರಿಗೆ ಬಂದು ಅಪ್ಪನಿಗೆ ವಿವರಿಸಿದಳು. ಅವರು ಕೇಳಿ, "ಅದೇ ಕಣವ್ವ, ಮೊಕ ಸಣ್ಣ ಮಾಡ್ಕಂಡೈತೆ ಅಂತೀವಲ್ಲ" ಎಂದರಂತೆ.

ಹಾಗಾದರೆ ನೋವು ಕಾಣದ ಪ್ರಶ್ನೆಯೇ ಇಲ್ಲ. ಕಾಣುತ್ತದೆ. ಕಂಡಮೇಲೆ ಏನು ಎಂಬುದೇ ಪ್ರಶ್ನೆ. ನಾಲ್ಕನೆಯ ವರ್ಷಕ್ಕೆ ಬರುವ ಹೊತ್ತಿಗೆ ವಿದ್ಯಾರ್ಥಿಗೆ ಒಂದು ಸಂಗತಿ ಯಾರೂ ಪಾಠ ಮಾಡದೆ ತಿಳಿದಿರುತ್ತದೆ. ಬೆಂಗಳೂರಿನ ನಾಯಿಗೆ ಎಕ್ಸ್‌ರೇ, ಸ್ಕ್ಯಾನು, ಕ್ಯಾನ್ಸರಿನ ಔಷಧ ಎಲ್ಲವೂ ಉಂಟು. ಪಾವಗಡದ ಕುರಿಗೆ ಒಂದು ಬಾಟಲಿ ಗ್ಲೂಕೋಸು ಹಾಕಬೇಕಾದರೂ ಲೆಕ್ಕ ನೋಡಬೇಕು. ನಾಯಿಯ ನೋವು ಕುರಿಯ ನೋವಿಗಿಂತ ಹೆಚ್ಚಿನದೇ? ಅಲ್ಲ. ಒಂದಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ, ಆದ್ದರಿಂದ ಅದಕ್ಕೆ ಎಷ್ಟಾದರೂ ಖರ್ಚು ಮಾಡಬಹುದು. ಇನ್ನೊಂದಕ್ಕೆ ಎಂಟು ಸಾವಿರವೆಂದು ಸಂತೆಯಲ್ಲಿ ಬೆಲೆ ಕಟ್ಟಿದೆ, ಆದ್ದರಿಂದ ಅದಕ್ಕೆ ಎಂಟು ಸಾವಿರದವರೆಗೆ ಮಾತ್ರ ಪ್ರಾಣ.

ಇದು ಈಗಿನ ಕಾಲದ ಕೇಡು ಎಂದು ನಿಟ್ಟುಸಿರು ಬಿಡುವವರುಂಟು. ಹಾಗೇನಿಲ್ಲ. ಜಗತ್ತಿನ ಮೊದಲ ಪಶುವೈದ್ಯ ಶಾಲೆ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ 1761ರಲ್ಲಿ ಸ್ಥಾಪನೆಯಾಯಿತು. ಸ್ಥಾಪಿಸಿದ ಕ್ಲೋದ್ ಬೂರ್ಜಲಾ ಎಂಬಾತ ಕುದುರೆ ಸವಾರಿ ಕಲಿಸುತ್ತಿದ್ದವನು. ಆಗ ಯೂರೋಪಿನಲ್ಲಿ ದೊಡ್ಡರೋಗ ಬಡಿದು ದನಗಳು ಸಾಯುತ್ತಿದ್ದುವು; ರಾಜ್ಯದ ಸಂಪತ್ತು ಹೋಗುತ್ತಿತ್ತು. ಸಂಪತ್ತನ್ನು ಉಳಿಸಲು ಶಾಲೆ ಬಂತು. ನಮ್ಮಲ್ಲಿಯೂ ಮೈಸೂರು ಅರಸರ ಬೆಣ್ಣೆ ಚಾವಡಿ, ಟೀಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡದ್ದು, ಎತ್ತುಗಳನ್ನು ಅಕ್ಕರೆಯಿಂದ ಸಾಕಿದ್ದು ಸೇನೆಯ ಸಾಮಾನು ಎಳೆಯಲಿ ಎಂದು. ಪಶುವೈದ್ಯ ಹುಟ್ಟಿದ್ದೇ ಬೆಲೆಯ ಹೊಟ್ಟೆಯಲ್ಲಿ. ಆದರೂ ಅದೇ ವಿದ್ಯೆ ಆ ದೊಡ್ಡರೋಗವನ್ನು ಭೂಮಿಯ ಮೇಲಿಂದಲೇ ಅಳಿಸಿಹಾಕಿತು. 2011ರಲ್ಲಿ ಅದು ಮುಗಿಯಿತೆಂದು ಸಾರಿದರು. ಸಿಡುಬನ್ನು ಬಿಟ್ಟರೆ ಮನುಷ್ಯನು ಹಾಗೆ ತೊಡೆದುಹಾಕಿದ ರೋಗ ಅದೊಂದೇ. ಉದ್ದೇಶ ಯಾರದಾದರೇನು, ಉಳಿದ ದನ ಉಳಿದವು.

ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬರ್ನಾರ್ಡ್ ರೋಲಿನ್ ಎಂಬ ತತ್ತ್ವಶಾಸ್ತ್ರದ ಅಧ್ಯಾಪಕರಿದ್ದರು. 2021ರಲ್ಲಿ ತೀರಿಕೊಂಡರು. 1978ರಲ್ಲಿ ಅವರು ಪಶುವೈದ್ಯ ವಿದ್ಯಾರ್ಥಿಗಳಿಗೆ ನೀತಿಶಾಸ್ತ್ರದ ಪಾಠ ಮೊದಲು ಮಾಡಿದರು. ಅವರು ಕೇಳುತ್ತಿದ್ದ ಪ್ರಶ್ನೆ ಇದೇ, ವೇಷ ಬೇರೆ: ಪಶುವೈದ್ಯ ಮೋಟಾರು ರಿಪೇರಿಯವನಂತೆಯೋ, ಮಕ್ಕಳ ಡಾಕ್ಟರಂತೆಯೋ? ರಿಪೇರಿಯ ಖರ್ಚು ಕಾರಿನ ಬೆಲೆಗಿಂತ ಹೆಚ್ಚಾದರೆ ಒಡೆಯ ಗುಜರಿಗೆ ಹಾಕು ಎನ್ನುತ್ತಾನೆ; ರಿಪೇರಿಯವನು ವಾದಿಸುವುದಿಲ್ಲ. ಮಗುವಿನ ವಿಷಯದಲ್ಲಿ ತಂದೆ ಹಾಗೆ ಹೇಳಿದರೆ ಡಾಕ್ಟರು ಒಪ್ಪುವುದಿಲ್ಲ. ರೋಲಿನ್ನರ ಒಲವು ಮಕ್ಕಳ ಡಾಕ್ಟರ ಕಡೆಗೆ. ಒಂದೇ ನಾಯಿಯ ಮೇಲೆ ವಿದ್ಯಾರ್ಥಿಗಳು ಮತ್ತೆ ಮತ್ತೆ ಶಸ್ತ್ರಕ್ರಿಯೆ ಅಭ್ಯಾಸ ಮಾಡುತ್ತಿದ್ದ ಪದ್ಧತಿಯನ್ನು ತಮ್ಮಲ್ಲಿ ನಿಲ್ಲಿಸಲು ಅವರು ಹೋರಾಡಿದರು. ಇದನ್ನು ನಾನು ಓದಿ, ನಮ್ಮ ಹುಡುಗಿಗೆ ಫೋನಿನಲ್ಲಿ ಹೇಳಿ, ಉತ್ತರ ಸಿಕ್ಕಿತಲ್ಲ ಎಂದೆ. ಅವಳು, "ಸಾರ್, ಮಕ್ಕಳ ಡಾಕ್ಟರ ಹತ್ತಿರ ಬರುವ ಅಪ್ಪ ಮಗುವನ್ನು ಸಂತೆಗೆ ಹೊಡೆಯೋದಿಲ್ಲವಲ್ಲ" ಎಂದಳು. ಮೇಷ್ಟ್ರು ಸುಮ್ಮನಾದರು.

ಆಮೇಲೆ ಅವಳೇ ತನ್ನ ಮನೆಯಲ್ಲಿ ನಡೆದದ್ದನ್ನು ಹೇಳಿದಳು. ರಜದಲ್ಲಿ ಒಂದು ರಾತ್ರಿ ಹಟ್ಟಿಯಲ್ಲಿ ಒಂದು ಕುರಿ ಈಯಲಾರದೆ ಒದ್ದಾಡುತ್ತಿತ್ತು. ಮರಿಯ ಮುಂಗಾಲೆರಡೂ ಹೊರಗೆ, ತಲೆ ಮಾತ್ರ ಇಲ್ಲ. ತಲೆ ಕಾಲುಗಳ ಮೇಲೆ ಒರಗಿ ಬರಬೇಕಾದದ್ದು ಹಿಂದಕ್ಕೆ ಮಡಿಚಿಕೊಂಡಿತ್ತು. ಡಾಕ್ಟರಿಗೆ ಫೋನು ಮಾಡಿದರು. ಅವರು ಇನ್ನೊಂದು ಊರಿನಲ್ಲಿ ಹಸುವಿನ ಹೆರಿಗೆಯಲ್ಲಿದ್ದರು, ಬೆಳಗಾಗುತ್ತದೆ ಎಂದರು. ಕುರಿಯ ಬೆಲೆ ಎಂಟು ಒಂಬತ್ತು ಸಾವಿರ. ಹೊಟ್ಟೆ ಕೊಯ್ದು ತೆಗೆಯುವುದಾದರೆ ಔಷಧಕ್ಕೇ ಎರಡು ಮೂರು ಸಾವಿರ, ಉಳಿಯುವ ಭರವಸೆಯಿಲ್ಲ. ಮಾಂಸದ ಅಂಗಡಿಯವನು ಈ ರಾತ್ರಿಯೇ ಜೀವವಿದ್ದಾಗ ಒಯ್ದರೆ ಐದು ಸಾವಿರ ಕೊಡುತ್ತೇನೆ ಎಂದ.

ಇಲ್ಲಿ ಪೇಟೆಯ ಓದುಗರಿಗೆ ತಿಳಿಯದ ಒಂದು ತೊಡಕನ್ನು ಹೇಳಬೇಕು. ಔಷಧ ಹಾಕಿದ ಪ್ರಾಣಿಯ ಮಾಂಸವನ್ನಾಗಲಿ ಹಾಲನ್ನಾಗಲಿ ಇಂತಿಷ್ಟು ದಿನ ಬಳಸಬಾರದು. ಔಷಧಕ್ಕೆ ತಕ್ಕಂತೆ ದಿನಗಳ ಲೆಕ್ಕವಿದೆ. ಅದನ್ನು ಮಕ್ಕಳಂತೆ ಬಾಯಿಪಾಠ ಮಾಡಿಸುತ್ತಾರೆ. ಎಂದರೆ, ಒಂದು ಸೂಜಿ ಹಾಕಿದ ಕ್ಷಣದಲ್ಲಿ ಮಾಂಸದ ಅಂಗಡಿಯ ಬಾಗಿಲು ಮುಚ್ಚಿತು. ಮೊದಲು ಚಿಕಿತ್ಸೆ ಮಾಡಿ ನೋಡೋಣ, ಆಗದಿದ್ದರೆ ಮಾರೋಣ ಎನ್ನುವಂತಿಲ್ಲ. ಆ ಕತ್ತಲೆಯ ರೊಪ್ಪದಲ್ಲಿ ಕುರಿ, ಒಡೆಯ ಇಬ್ಬರೇ ಅಲ್ಲ, ನಾಳೆ ಯಾವುದೋ ಊರಿನಲ್ಲಿ ಆ ಮಾಂಸ ತಿನ್ನುವ ಮೂರನೆಯವನೂ ನಿಂತಿರುತ್ತಾನೆ. ಆ ಮೌಖಿಕ ಪರೀಕ್ಷೆಯ ಅಧ್ಯಾಪಕರು ಅವನನ್ನು ಲೆಕ್ಕಕ್ಕೆ ತಂದಿರಲಿಲ್ಲ.

"ಸೂಜಿ ಹಾಕ್‌ಬ್ಯಾಡ ಕಣವ್ವ. ಹಾಕಿದ್ ಮ್ಯಾಲೆ ಮಾರಂಗಿಲ್ಲ ಅಂತ ನೀನೇ ಹೇಳ್ತೀಯ" ಎಂದರು ಅಪ್ಪ. ಹಾಕುವ ಅಧಿಕಾರವೂ ಅವಳಿಗಿರಲಿಲ್ಲ. 1984ರ ಕಾಯಿದೆಯ ಪ್ರಕಾರ ಪದವಿ ಪಡೆದು ನೋಂದಣಿ ಮಾಡಿಸಿಕೊಂಡವರು ಮಾತ್ರ ಪಶುವೈದ್ಯ ಮಾಡಬಹುದು. ಅವಳು ಅರ್ಧ ಗಂಟೆ ಕೊಡಿ ಎಂದು ಕೇಳಿಕೊಂಡಳು. ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪು ಹಾಕಿ ತೊಳೆದು, ಕೊಬ್ಬರಿ ಎಣ್ಣೆ ಸವರಿಕೊಂಡಳು. ಮರಿಯನ್ನು ಮೆಲ್ಲನೆ ಒಳಕ್ಕೆ ತಳ್ಳಿ, ಸಿಕ್ಕಿದ ಜಾಗದಲ್ಲಿ ಬೆರಳಾಡಿಸಿ ಮೂತಿಯನ್ನು ಹುಡುಕಿ, ದವಡೆಗೆ ಬೆರಳು ಕೊಟ್ಟು ತಲೆಯನ್ನು ಮುಂದಕ್ಕೆ ತಿರುಗಿಸಿದಳು. ಅಪ್ಪ ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಿವಿಯ ಹತ್ತಿರ ಏನೋ ಗೊಣಗುತ್ತ ಕುಳಿತಿದ್ದರಂತೆ. ಹತ್ತು ನಿಮಿಷದ ಹಿಂದೆ ಅದನ್ನು ಮಾರಲು ಹೊರಟಿದ್ದವರೂ ಅವರೇ. ಮರಿ ಸತ್ತು ಬಂತು. ತಾಯಿ ಉಳಿಯಿತು. ಬೆಳಗ್ಗೆ ಡಾಕ್ಟರು ಬಂದು ಸೂಜಿ ಹಾಕಿ, ದಿನದ ಲೆಕ್ಕ ಹೇಳಿಹೋದರು.

ಅವಳು ಕಾಲೇಜಿಗೆ ಹಿಂದಿರುಗಿದಮೇಲೆ ಅಪ್ಪ ಆ ದಿನಗಳನ್ನು ಎಣಿಸಿ, ಮುಗಿದ ವಾರದ ಸಂತೆಗೆ ಆ ಕುರಿಯನ್ನು ಹೊಡೆದರು. ಆ ದುಡ್ಡು ಬಂದದ್ದು ಇವಳ ಹಾಸ್ಟೆಲಿನ ಫೀಸಿಗೆ. ಅವಳಿಗೆ ಇದು ತಿಳಿದಾಗ ಸಿಟ್ಟು ಬಂದಿತೇ ಎಂದು ಕೇಳಿದೆ. "ಇಲ್ಲ ಸಾರ್. ಎಣಿಸಿದ್ದರಲ್ಲ, ಅದಕ್ಕೆ ಅಳು ಬಂತು" ಎಂದಳು.

ಈಗ ನನ್ನ ಹಳೆಯ ಕಾರಣ. ನಮ್ಮ ಊರು ಕೊರಟಗೆರೆ ತಾಲ್ಲೂಕಿನಲ್ಲಿ, ಜಯಮಂಗಲಿ ನದಿಗೆ ದೂರವಲ್ಲ. ನಮ್ಮದು ಆಚಾರದ ಮನೆ. 1993ರಲ್ಲಿ, ನನಗೆ ಹನ್ನೆರಡು ವರ್ಷವಿರಬಹುದು, ನಮ್ಮ ಜೋಡಿ ಹಳ್ಳಿಕಾರ್ ಎತ್ತುಗಳಲ್ಲಿ ಒಂದು, ಕಡಲೆಕಾಯಿ ಹೇರಿದ ಗಾಡಿ ದಂಡೆಯಿಂದ ಜಾರಿದಾಗ ಬಿದ್ದು ಮುಂಗಾಲು ಮುರಿದುಕೊಂಡಿತು. ಮೊಪೆಡ್ ಮೇಲೆ ಒಬ್ಬ ಪಶುವೈದ್ಯರು ಬಂದರು. ತಗ್ಗಿ ನೋಡಿ, ಮುಟ್ಟಿ ನೋಡಿ, ಎದ್ದು ನಿಂತು ನಮ್ಮ ತಂದೆಗೆ ಹೇಳಿದರು: "ಇಷ್ಟು ಭಾರದ ಪ್ರಾಣಿಗೆ ಈ ಮೂಳೆ ಕೂಡುವುದಿಲ್ಲ, ಸ್ವಾಮಿ. ನೀವು ಒಪ್ಪಿದರೆ ನಿದ್ರೆಯ ಔಷಧ ಕೊಟ್ಟು ನೋವು ಮುಗಿಸುತ್ತೇನೆ." ತಂದೆ ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡರು. ಗೋಹತ್ಯೆ ನಮ್ಮ ಕೊಟ್ಟಿಗೆಯಲ್ಲಿ ಆಗಕೂಡದು ಎಂದರು. ವೈದ್ಯರು ನೋವಿಗೆ ಏನೋ ಸೂಜಿ ಹಾಕಿ ಹೊರಟುಹೋದರು.

ಎತ್ತು ಒಂಬತ್ತು ದಿನ ಬದುಕಿತ್ತು. ಮೊದಲು ಎರಡು ದಿನ ಏಳಲು ಪ್ರಯತ್ನಿಸುತ್ತಿತ್ತು. ಆಮೇಲೆ ಬಿಟ್ಟಿತು. ಅಮ್ಮ ದಿನವೂ ಹಣೆಗೆ ಕುಂಕುಮವಿಟ್ಟು, ಬಾಯಿಗೆ ಬೆಲ್ಲ ಹಿಡಿದು ಅಳುತ್ತಿದ್ದಳು. ಮಗ್ಗುಲಲ್ಲಿ ಹುಣ್ಣಾಗಿ ನೊಣ ಮುತ್ತಿದುವು. ಬೇವಿನ ಸೊಪ್ಪಿನಲ್ಲಿ ನೊಣ ಓಡಿಸುವ ಕೆಲಸ ನನ್ನದು. ರಾತ್ರಿ ಅದು ಉಸಿರು ಬಿಡುತ್ತಿದ್ದ ಸದ್ದು ನಡುಮನೆಗೆ ಕೇಳುತ್ತಿತ್ತು. ಒಂಬತ್ತನೆಯ ದಿನ ಸತ್ತಾಗ ತಂದೆ ಸ್ನಾನ ಮಾಡಿ ಬಂದು, "ನಮ್ಮ ಕೈಯಿಂದ ಏನೂ ಆಗಲಿಲ್ಲವಲ್ಲ, ದೇವರು ದೊಡ್ಡವನು" ಎಂದರು. ಅವರು ಕ್ರೂರಿಗಳಲ್ಲ. ಇರುವೆಯನ್ನು ತುಳಿಯದೆ ನಡೆಯುತ್ತಿದ್ದವರು. ಅವರ ಮಾತು ಬಹಳ ವರ್ಷ ನನಗೆ ಸರಿಯಾಗಿಯೇ ಕಂಡಿತ್ತು. ಹುಡುಗಿಯ ಪ್ರಶ್ನೆ ಬಂದಮೇಲೆ ಅದನ್ನು ಆ ಕೊಟ್ಟಿಗೆಯಲ್ಲ‌ಿ ನಿಲ್ಲಿಸಿ ಕೇಳಿಕೊಂಡೆ. ಎತ್ತು ಬಿದ್ದಿದೆ, ಪಕ್ಕದಲ್ಲಿ ನಾವು ನಿಂತಿದ್ದೇವೆ. ಒಂಬತ್ತು ದಿನ ಅಲ್ಲಿ ಶುಶ್ರೂಷೆ ನಡೆದದ್ದು ಯಾರಿಗೆ? ನಮ್ಮ ಪಾಪಭೀತಿಗೆ. ಅದು ಚೆನ್ನಾಗಿ ಗುಣವಾಯಿತು. ಬಿಲ್ಲನ್ನು ಎತ್ತು ತೆತ್ತಿತು. ಐದು ಸಾವಿರಕ್ಕೆ ಕುರಿ ಮಾರಲು ಹೊರಟ ಹಟ್ಟಿಯ ಆ ಯಜಮಾನರ ಕೈಯಲ್ಲಾಗಿದ್ದರೆ ಅದರ ನೋವು ಒಂದು ರಾತ್ರಿಗೆ ಮುಗಿಯುತ್ತಿತ್ತು ಎಂದು ಬರೆಯಲು ನನ್ನಂಥವನಿಗೆ ಸುಲಭವಲ್ಲ. ಆದರೆ ಬರೆಯದಿದ್ದರೆ ಸುಳ್ಳಾಗುತ್ತದೆ.

ಇದೇ ಪ್ರಶ್ನೆಯನ್ನು ಗಾಂಧೀಜಿ 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಎದುರಿಸಿದ್ದರು. ಅಲ್ಲಿ ಒಂದು ಕರು ಗುಣವಾಗದ ಕಾಯಿಲೆಯಿಂದ ನರಳುತ್ತಿತ್ತು. ಅವರು ಡಾಕ್ಟರನ್ನು ಕರೆಸಿ ಸೂಜಿಯಿಂದ ಅದರ ಪ್ರಾಣ ತೆಗೆಸಿದರು. ಮುಚ್ಚಿಡಲಿಲ್ಲ, ತಮ್ಮ ಪತ್ರಿಕೆಯಲ್ಲಿ ಬರೆದರು. ಗುಜರಾತಿನಲ್ಲಿ ದೊಡ್ಡ ಗದ್ದಲವಾಯಿತು. ಕೋಪದ ಕಾಗದಗಳು ರಾಶಿ ಬಂದವು. ಕೊಲ್ಲದಿರುವುದಷ್ಟೇ ಅಹಿಂಸೆಯಲ್ಲ ಎಂಬುದು ಅವರ ವಾದ. ನಮ್ಮ ತಂದೆ ಖಾದಿ ಉಡುತ್ತಿದ್ದವರು. ಗಾಂಧಿಯವರ ಈ ಕರುವಿನ ಕಥೆಯನ್ನು ಅವರು ಎಂದೂ ನಮಗೆ ಹೇಳಲಿಲ್ಲ.

ಹಾಗೆಂದು ಸೂಜಿಯ ಪಕ್ಷಕ್ಕೆ ಪೂರ್ತಿ ಸೇರಿಬಿಡಲೂ ನನಗೆ ಧೈರ್ಯವಿಲ್ಲ. ಹುಡುಗಿ ಹೇಳಿದ ಇನ್ನೊಂದು ಪ್ರಸಂಗ ಕೇಳಿ. ಪೇಟೆಯ ದವಾಖಾನೆಯೊಂದಕ್ಕೆ ಒಬ್ಬರು ತಮ್ಮ ನಾಯಿಯನ್ನು ಕಾರಿನಲ್ಲಿ ಕರೆತಂದರು. ಏಳು ವರ್ಷದ ಗಟ್ಟಿಮುಟ್ಟಾದ ನಾಯಿ, ಬಾಲ ಅಲ್ಲಾಡಿಸುತ್ತಿತ್ತು. ಅವರಿಗೆ ಪರದೇಶದಲ್ಲಿ ಕೆಲಸವಾಗಿತ್ತು. ನಾಯಿಯನ್ನು ಬೇರೆಯವರಿಗೆ ಕೊಟ್ಟರೆ ಅದು ಕೊರಗುತ್ತದೆ, ಆದ್ದರಿಂದ ನೋವಿಲ್ಲದಂತೆ 'ಮಲಗಿಸಿ' ಎಂದರು. ಕಣ್ಣಲ್ಲಿ ನೀರೂ ಇತ್ತು. ಅಲ್ಲಿಯ ಡಾಕ್ಟರು ಆಗದು ಎಂದರು. ನೋವನ್ನು ಮುಗಿಸುವ ಸೂಜಿಯೇ ತೊಂದರೆಯನ್ನು ಮುಗಿಸುವ ಸೂಜಿಯೂ ಆಗುತ್ತದೆ. ಎರಡಕ್ಕೂ ದಯೆಯೆಂದೇ ಹೆಸರು. ನಮ್ಮ ಕೊಟ್ಟಿಗೆಯಲ್ಲಿ ಯಾರು ರೋಗಿಯಾಗಿದ್ದರೋ ಆ ಕಾರಿನಲ್ಲಿಯೂ ಅವರೇ ರೋಗಿ ಎಂದು ನನಗೆ ತೋರುತ್ತದೆ. ಒಬ್ಬರು ಕೊಲ್ಲದೆ ಹಗುರಾದರು, ಇನ್ನೊಬ್ಬರು ಕೊಲ್ಲಿಸಿ ಹಗುರಾಗಬಯಸಿದರು. ಹಟ್ಟಿಯ ಯಜಮಾನರು ಹಗುರಾಗಲು ಏನನ್ನೂ ಮಾಡಲಿಲ್ಲ. ತಮ್ಮ ಲೆಕ್ಕವನ್ನು ಮಗಳ ಎದುರಿಗೆ ಬಿಚ್ಚಿ ಹೇಳಿದರು. ಲೆಕ್ಕ ಹೇಳುವವನ ಜೊತೆ ವಾದಿಸಬಹುದು, ಅರ್ಧ ಗಂಟೆ ಕೇಳಬಹುದು. ಧರ್ಮ ಹೇಳುವವನ ಹತ್ತಿರ ಆ ಅರ್ಧ ಗಂಟೆ ಸಿಗುವುದಿಲ್ಲ.

ಈಗ ಆ ಹುಡುಗಿಯ ಕೊನೆಯ ವರ್ಷದ ಕೈಕೆಲಸ ನಡೆದಿದೆ. ಕೆಲವು ವಾರ ನಮ್ಮ ತಾಲ್ಲೂಕುಗಳಲ್ಲೇ ಓಡಾಡುತ್ತಿದ್ದಾಳೆ. ಪಾವಗಡದ ಕಡೆ ಹೋಗಿಬಂದಳು. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ತಿನ ಗಾಜಿನ ಹಾಸುಗಳು ಹಬ್ಬಿವೆ. ಆ ಜಮೀನುಗಳಲ್ಲಿ ಹಿಂದೆ ಕುರಿ ಮೇಯುತ್ತಿದ್ದುವು. ಬರದ ವರ್ಷ ಅಲ್ಲಿ ಡಾಕ್ಟರ ಮುಂದೆ ತಂದು ನಿಲ್ಲಿಸುವ ಎಷ್ಟೋ ದನಗಳಿಗೆ ಹಸಿವಿನ ಹೊರತು ಬೇರೆ ರೋಗವೇ ಇಲ್ಲವಂತೆ. ಚೀಟಿಯಲ್ಲಿ ಏನು ಬರೆಯಬೇಕೋ ತಿಳಿಯುವುದಿಲ್ಲ ಎಂದಳು. ಬೆಂಗಳೂರಿನಲ್ಲಿ ನಾಯಿ ಬೆಕ್ಕುಗಳ ದವಾಖಾನೆಯವರು ಕೆಲಸಕ್ಕೆ ಕರೆದಿದ್ದಾರೆ, ಸಂಬಳ ಚೆನ್ನಾಗಿದೆ. ತಾಯಿಗೆ ಅಲ್ಲಿಗೆ ಹೋಗಲೆಂದು ಆಸೆ. ಅಪ್ಪ ಏನೂ ಹೇಳಿಲ್ಲ. ನಾನೂ ಏನೂ ಹೇಳಲಿಲ್ಲ. ಹಳ್ಳಿಯ ಸೇವೆ ಮಾಡು ಎಂದು ಪೇಟೆಯಲ್ಲಿ ಮನೆ ಕಟ್ಟಿಕೊಂಡವನು ಹೇಳಿದರೆ ಚೆನ್ನಾಗಿರುವುದಿಲ್ಲ.

ನಮ್ಮ ಎತ್ತಿನ ಕಥೆಯನ್ನು ಅವಳಿಗೆ ಮೊನ್ನೆ ಹೇಳಿದೆ. ಸಿರಾ ಬಸ್ಸಿಗಾಗಿ ಕಾಯುತ್ತ ನಿಲ್ದಾಣದಿಂದ ಫೋನು ಮಾಡಿದ್ದಳು. ನಾನು ಹೇಳುವುದನ್ನೆಲ್ಲ ಕೇಳಿ, ಸಮಾಧಾನದ ಮಾತನ್ನೂ ಆಡದೆ, ಆಕ್ಷೇಪದ ಮಾತನ್ನೂ ಆಡದೆ, "ಮುರಿದದ್ದು ಮೊಣಕಾಲಿನ ಮೇಲೋ ಕೆಳಗೋ ಸಾರ್?" ಎಂದು ಕೇಳಿದಳು.

ಯಾಕೆ ಎಂದೆ.

"ಕೆಳಗಾಗಿದ್ದು, ಚರ್ಮ ಹರಿಯದೆ ಇದ್ದಿದ್ದರೆ ಪ್ಲಾಸ್ಟರ್ ಹಾಕಿ ನೋಡಬಹುದಿತ್ತು. ಎಷ್ಟೋ ಸಲ ಕೂಡುತ್ತದೆ."

ಮೇಲೆ, ಎಂದೆ. ನಿಜವಾಗಿ ನನಗೆ ನೆನಪಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಸ್ಸು ಬಂತು ಸಾರ್, ಎಂದು ಫೋನು ಇಟ್ಟಳು.